ಕೊನೆಯ ದಿನಾಂಕ ಕಳೆದರೂ ಮುಖಪುಟದಲ್ಲೇ ಉಳಿದ ಪ್ರಕಟಣೆ

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಉಪನ್ಯಾಸಕ. ಪಾಠದ ಜೊತೆಗೆ, ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಕಾಲೇಜಿನ ಜಾಲತಾಣವನ್ನೂ ನೋಡಿಕೊಳ್ಳುತ್ತೇನೆ. ಪ್ರವೇಶಾತಿ ಪ್ರಕಟಣೆ ಬೆಳಿಗ್ಗೆ 10 ಗಂಟೆಗೆ ಕಾಣಿಸಲಿ ಎಂದು ಹಿಂದಿನ ದಿನವೇ ಶೆಡ್ಯೂಲ್ ಮಾಡಿದ್ದೆ. ಅದು ಕಾಣಿಸಿದ್ದು ಮಧ್ಯಾಹ್ನ ಮೂರೂವರೆಗೆ. ಕೊನೆಯ ದಿನ ಕಳೆದ ಮೇಲೂ ಎರಡು ವಾರ ಅದು ಮುಖಪುಟದಲ್ಲೇ ಉಳಿದಿತ್ತು, ಅದನ್ನು ನಂಬಿ ದೂರದ ಹಳ್ಳಿಗಳಿಂದ ವಿದ್ಯಾರ್ಥಿಗಳು ಬಂದರು. ಇನ್ನು ಮೆರಿಟ್ ಪಟ್ಟಿಯ ಪಿಡಿಎಫ್, ನಾವು ಪ್ರಕಟಿಸುವ ಮೊದಲೇ ವಾಟ್ಸಾಪ್‌ನಲ್ಲಿ ಹರಿದಾಡಿತು. ದಿನಾಂಕ ಕೊಟ್ಟರೆ ತಾನಾಗಿ ಕಾಣಿಸಿ, ತಾನಾಗಿ ಮರೆಯಾಗುವ ಏರ್ಪಾಡನ್ನು ಹೇಗೆ ಮಾಡಬೇಕು?

ಉತ್ತರ: ನೀವು ಬರೆದಿರುವ ಮೂರೂ ಘಟನೆಗಳು ದಿನಾಂಕಕ್ಕೆ ಸಂಬಂಧಿಸಿದವಾದರೂ ಅವುಗಳ ಕಾರಣಗಳು ಬೇರೆ ಬೇರೆ. ಪ್ರಕಟಣೆ ತಡವಾಗಿ ಕಾಣಿಸಿದ್ದು ಗಡಿಯಾರದ ತಪ್ಪು. ಅದು ಉಳಿದುಕೊಂಡದ್ದಕ್ಕೆ ಕಾರಣ, ತೆಗೆಯುವ ಏರ್ಪಾಡೇ ನಿಮ್ಮ ಜಾಲತಾಣದಲ್ಲಿ ಇಲ್ಲದಿರುವುದು. ಮೆರಿಟ್ ಪಟ್ಟಿ ಮೊದಲೇ ಹೊರಬಿದ್ದದ್ದಂತೂ ಶೆಡ್ಯೂಲಿಗೆ ಸೇರಿದ ವಿಷಯವೇ ಅಲ್ಲ, ಕಡತವನ್ನು ಎಲ್ಲಿ ಇಟ್ಟಿದ್ದಿರಿ ಎಂಬುದಕ್ಕೆ ಸೇರಿದ್ದು. ಇವುಗಳಲ್ಲಿ ಎರಡನೆಯದೇ ಅತ್ಯಂತ ಗಂಭೀರವೆಂದು ನನ್ನ ಅಭಿಪ್ರಾಯ. ಬಸ್ಸಿನ ಚಾರ್ಜು ಹೊಂದಿಸಿಕೊಂಡು, ಒಂದು ದಿನದ ಕೂಲಿ ಬಿಟ್ಟ ತಂದೆಯನ್ನೋ ತಾಯಿಯನ್ನೋ ಜೊತೆಗೆ ಕರೆದುಕೊಂಡು ಬಂದ ವಿದ್ಯಾರ್ಥಿಗೆ ‘ಪ್ರವೇಶ ಮುಗಿದು ಎರಡು ವಾರವಾಯಿತು’ ಎಂದು ಹೇಳಬೇಕಾಗಿ ಬಂದರೆ ಆ ನಷ್ಟಕ್ಕೆ ಪುಟವನ್ನು ನಡೆಸುವವರೇ ಹೊಣೆ. ಆದ್ದರಿಂದ ಉತ್ತರದ ಹೆಚ್ಚಿನ ಭಾಗವನ್ನು ಅದಕ್ಕೇ ಕೊಡುತ್ತೇನೆ. ಉಳಿದೆರಡನ್ನು ಅದರ ಹಿಂದೆ ಮುಂದೆ ಹೇಳುತ್ತೇನೆ.

ಮೊದಲು ಗಡಿಯಾರ. ಬೆಳಿಗ್ಗೆ 10ಕ್ಕೂ ಮಧ್ಯಾಹ್ನ 3.30ಕ್ಕೂ ನಡುವಿನ ಅಂತರ ಐದೂವರೆ ಗಂಟೆ. ಯುಟಿಸಿ ಎಂಬ ಜಾಗತಿಕ ಕಾಲಮಾನಕ್ಕೂ ಭಾರತೀಯ ಕಾಲಮಾನಕ್ಕೂ ಇರುವ ಅಂತರ ಸರಿಯಾಗಿ ಅಷ್ಟೇ. ನೀವು 10 ಎಂದು ಕೊಟ್ಟದ್ದನ್ನು ವರ್ಡ್‌ಪ್ರೆಸ್ ಯುಟಿಸಿಯ 10 ಎಂದು ಓದಿಕೊಂಡಿದೆ, ಆ ಹೊತ್ತಿಗೆ ನಮ್ಮಲ್ಲಿ ಮೂರೂವರೆ. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಟೈಮ್‌ಝೋನ್ ಎಂಬ ಆಯ್ಕೆಯಿದೆ; ಅಲ್ಲಿ ಏಷ್ಯಾದ ಊರುಗಳ ಪಟ್ಟಿಯಿಂದ ಕೋಲ್ಕತ್ತವನ್ನು ಆರಿಸಿ ಉಳಿಸಿದರೆ ಮುಂದಿನ ಪ್ರಕಟಣೆಗಳು ಸರಿಯಾದ ಹೊತ್ತಿಗೆ ಬರುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಈ ಬದಲಾವಣೆಗೆ ಮೊದಲೇ ಶೆಡ್ಯೂಲ್ ಮಾಡಿಟ್ಟ ಬರಹಗಳಿಗೆ ಹಳೆಯ ಲೆಕ್ಕದ ಯುಟಿಸಿ ಸಮಯವೇ ದತ್ತಸಂಚಯದಲ್ಲಿ ಅಂಟಿಕೊಂಡಿರುತ್ತದೆ, ಅವನ್ನು ಒಂದೊಂದಾಗಿ ತೆರೆದು, ದಿನಾಂಕ ಮತ್ತು ಸಮಯವನ್ನು ಮತ್ತೊಮ್ಮೆ ನಮೂದಿಸಿ ಉಳಿಸಬೇಕು.

ಪಟ್ಟಿಯಲ್ಲಿ ಊರಿನ ಹೆಸರಿನ ಬದಲು ‘ಯುಟಿಸಿ+5.30’ ಎಂಬ ಆಯ್ಕೆಯೂ ಇದೆ. ವರ್ಷವಿಡೀ ಒಂದೇ ಕಾಲಮಾನವಿರುವ ಭಾರತದಲ್ಲಿ ಎರಡರಿಂದಲೂ ಫಲ ಒಂದೇ. ಆದರೆ ಇದನ್ನು ಓದುತ್ತಿರುವವರಲ್ಲಿ ಹೊರದೇಶದ ಕನ್ನಡ ಸಂಘಗಳ ಜಾಲತಾಣ ನೋಡಿಕೊಳ್ಳುವವರೂ ಇರಬಹುದು. ಅವರು ತಪ್ಪದೆ ಊರಿನ ಹೆಸರನ್ನೇ ಆರಿಸಬೇಕು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ, ನವೆಂಬರ್ ತಿಂಗಳ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೂ ತಿರುಗಿಸುತ್ತಾರೆ. 2026ರ ನವೆಂಬರ್ 1 ಭಾನುವಾರವೇ ಬಂದಿರುವುದರಿಂದ ಆ ವರ್ಷ ರಾಜ್ಯೋತ್ಸವದ ದಿನದಂದೇ ಅಲ್ಲಿನ ಗಡಿಯಾರ ಬದಲಾಗುತ್ತದೆ, ಅಂದು ನಸುಕಿನ ಒಂದೂವರೆ ಗಂಟೆ ಎರಡು ಸಲ ಬರುತ್ತದೆ. ಊರಿನ ಹೆಸರು ಕೊಟ್ಟಿದ್ದರೆ ತಂತ್ರಾಂಶವೇ ಈ ಲೆಕ್ಕವನ್ನು ನೋಡಿಕೊಳ್ಳುತ್ತದೆ. ಅಂಕಿಯನ್ನು ಕೊಟ್ಟಿದ್ದರೆ ಬೇಸಿಗೆಗೆ ಹೊಂದಿಸಿದ ಕಾರ್ಯಕ್ರಮ ಚಳಿಗಾಲದಲ್ಲಿ ಒಂದು ಗಂಟೆ ಹಿಂದು ಮುಂದಾಗುತ್ತದೆ.

ಕಾಲಮಾನ ಸರಿಯಾದ ಮೇಲೂ ಕೆಲವು ದಿನ ಪ್ರಕಟಣೆ ಹತ್ತು ನಿಮಿಷವೋ ಒಂದು ಗಂಟೆಯೋ ತಡವಾಗಿ ಬಂದರೆ ಅಚ್ಚರಿಪಡಬೇಡಿ. ವರ್ಡ್‌ಪ್ರೆಸ್‌ಗೆ ತನ್ನದೇ ಆದ, ಸದಾ ಓಡುತ್ತಿರುವ ಗಡಿಯಾರವಿಲ್ಲ. ಅದರಲ್ಲಿರುವುದು ಡಬ್ಲ್ಯೂಪಿ-ಕ್ರಾನ್ ಎಂಬ ಏರ್ಪಾಡು: ಯಾರಾದರೂ ಜಾಲತಾಣಕ್ಕೆ ಬಂದು ಪುಟವೊಂದನ್ನು ಕೇಳಿದಾಗ ಮಾತ್ರ ಅದು ಬಾಕಿ ಕೆಲಸಗಳ ಪಟ್ಟಿಯನ್ನು ನೋಡಿ, ಸಮಯ ಮೀರಿದವನ್ನು ಮಾಡಿ ಮುಗಿಸುತ್ತದೆ. ದಿನಕ್ಕೆ ಸಾವಿರಾರು ಜನ ಬರುವ ಪತ್ರಿಕೆಯ ತಾಣದಲ್ಲಿ ಇದರಿಂದ ಏನೂ ತೊಂದರೆಯಾಗದು. ರಜೆಯ ದಿನ ಬೆಳಿಗ್ಗೆ ಯಾರೂ ಬಾರದ ಕಾಲೇಜಿನ ತಾಣದಲ್ಲಿ ಮಾತ್ರ ಮೊದಲ ಭೇಟಿಗಾರ ಬರುವವರೆಗೂ ಪ್ರಕಟಣೆ ಕಾಯುತ್ತ ಕೂರುತ್ತದೆ. ಇನ್ನೂ ಒಂದು ತೊಡಕಿದೆ. ವೇಗಕ್ಕಾಗಿ ಕ್ಯಾಶ್ ಪ್ಲಗಿನ್ (ಪುಟಗಳ ಪ್ರತಿಯನ್ನು ತಯಾರಿಸಿಟ್ಟುಕೊಳ್ಳುವ ಸೇರ್ಪಡೆ ತಂತ್ರಾಂಶ) ಹಾಕಿದ್ದರೆ, ಬಂದವರಿಗೆ ಮೊದಲೇ ತಯಾರಿಸಿಟ್ಟ ಪುಟವೇ ಸಿಗುವುದರಿಂದ ವರ್ಡ್‌ಪ್ರೆಸ್ ಎಚ್ಚರಗೊಳ್ಳುವುದೇ ಇಲ್ಲ. ಹೀಗಾಗಿ ಭೇಟಿಗಾರರಿದ್ದೂ ಶೆಡ್ಯೂಲ್ ತಪ್ಪಬಹುದು. ಬರಹಗಳ ಪಟ್ಟಿಯಲ್ಲಿ ‘ಮಿಸ್ಡ್ ಶೆಡ್ಯೂಲ್’ ಎಂಬ ಕೆಂಪಕ್ಷರದ ಸೂಚನೆ ಕಂಡರೆ, ಹೊತ್ತು ಮೀರಿದರೂ ಆ ಬರಹ ಹೊರಬಂದಿಲ್ಲವೆಂದು ತಿಳಿಯಬೇಕು.

ಇದಕ್ಕೆ ಖಚಿತವಾದ ಪರಿಹಾರವೆಂದರೆ ಸರ್ವರಿನಲ್ಲೇ ಇರುವ ಕ್ರಾನ್‌ಗೆ ಕೆಲಸ ಒಪ್ಪಿಸುವುದು. 1979ರ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಏಳನೆಯ ಆವೃತ್ತಿಯ ಕಾಲದಿಂದಲೂ ಇರುವ ಈ ಪುಟ್ಟ ಸಾಧನ, ಯಾರು ಬರಲಿ ಬಿಡಲಿ, ಹೇಳಿದ ನಿಮಿಷಕ್ಕೆ ಹೇಳಿದ ಆಜ್ಞೆಯನ್ನು ನಡೆಸುತ್ತದೆ. ನಿಮ್ಮ ಹೋಸ್ಟಿಂಗ್‌ನಲ್ಲಿ ಸಿಪ್ಯಾನೆಲ್ ಎಂಬ ನಿರ್ವಹಣಾ ಫಲಕ ಇದ್ದರೆ ಅದರೊಳಗೆ ಕ್ರಾನ್ ಜಾಬ್ಸ್ ಎಂಬ ಪುಟ ಸಿಗುತ್ತದೆ. ವರ್ಡ್‌ಪ್ರೆಸ್‌ನ ಡಬ್ಲ್ಯೂಪಿ-ಕಾನ್ಫಿಗ್ ಕಡತದಲ್ಲಿ ಭೇಟಿಗಾರರನ್ನು ಅವಲಂಬಿಸಿದ ಕ್ರಾನ್ ಅನ್ನು ನಿಲ್ಲಿಸುವ ಒಂದು ಸಾಲನ್ನು ಸೇರಿಸಿ, ಸಿಪ್ಯಾನೆಲ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಡಬ್ಲ್ಯೂಪಿ-ಕ್ರಾನ್ ಕಡತವನ್ನು ಕರೆಯುವಂತೆ ಹೇಳಿದರೆ ಸಾಕು. ಸಾಲು ಸೇರಿಸುವುದು ಮತ್ತು ಕ್ರಾನ್ ಹಾಕುವುದು ಎರಡನ್ನೂ ಒಂದೇ ಕೂತಿನಲ್ಲಿ ಮಾಡಿ ಮುಗಿಸಿ. ಮೊದಲನೆಯದನ್ನು ಮಾಡಿ ಎರಡನೆಯದನ್ನು ನಾಳೆಗೆ ಬಿಟ್ಟರೆ ಅಲ್ಲಿಯವರೆಗೆ ಯಾವ ಶೆಡ್ಯೂಲೂ ನಡೆಯುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರಕಟಣೆಯನ್ನು ಯಾವಾಗ ತೋರಿಸಬೇಕೆಂದು ಕೇಳುವ ವರ್ಡ್‌ಪ್ರೆಸ್, ಯಾವಾಗ ತೆಗೆಯಬೇಕೆಂದು ಕೇಳುವುದೇ ಇಲ್ಲ. ಮೂಲ ತಂತ್ರಾಂಶದಲ್ಲಿ ಅಂಥ ಅಂಕಣವೇ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ. ಬ್ಲಾಗ್ ಬರೆಯುವುದಕ್ಕೆಂದು ಹುಟ್ಟಿದ ಸಾಧನಕ್ಕೆ ಬರಹ ಉಳಿಯುವುದೇ ಸಹಜವೆನಿಸಿರಬೇಕು. ಜಾಲತಾಣ ಕಟ್ಟುವ ಇನ್ನೊಂದು ತಂತ್ರಾಂಶವಾದ ಜೂಮ್ಲಾದಲ್ಲಿ ಪ್ರತಿ ಲೇಖನಕ್ಕೂ ಪ್ರಕಟಣೆಯ ಆರಂಭ, ಪ್ರಕಟಣೆಯ ಮುಕ್ತಾಯ ಎಂಬ ಎರಡು ದಿನಾಂಕಗಳನ್ನು ಕೊಡುವ ಜಾಗ ಮೂಲದಲ್ಲೇ ಇದೆ. ನಮ್ಮ ಜಿಲ್ಲಾಡಳಿತಗಳ ಜಾಲತಾಣಗಳಲ್ಲಿ ನೇಮಕಾತಿಯ ಪುಟವನ್ನು ಒಮ್ಮೆ ತೆರೆದು ನೋಡಿ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ರೂಪಿಸಿದ ಆ ಚೌಕಟ್ಟಿನಲ್ಲಿ ಪ್ರತಿ ಪ್ರಕಟಣೆಯ ಎದುರಿಗೂ ಆರಂಭದ ದಿನಾಂಕ ಮತ್ತು ಕೊನೆಯ ದಿನಾಂಕ ಎಂಬ ಎರಡು ಕಾಲಂಗಳಿರುತ್ತವೆ, ಅವಧಿ ಮುಗಿದವು ಪ್ರತ್ಯೇಕವಾದ ಆರ್ಕೈವ್ ಪಟ್ಟಿಗೆ ಹೋಗುತ್ತವೆ. ನಿಮ್ಮ ಕಾಲೇಜಿಗೆ ಬೇಕಾದ ಮಾದರಿ ಇದೇ. ಪ್ರಕಟಣೆ ಬರೆಯುವಾಗಲೇ ಅದರ ಆಯುಷ್ಯವನ್ನೂ ಬರೆದುಬಿಡಬೇಕು. ಆಮೇಲೆ ನೆನಪಿಟ್ಟು ತೆಗೆಯುತ್ತೇನೆಂದುಕೊಂಡರೆ, ಪರೀಕ್ಷೆ, ಮೌಲ್ಯಮಾಪನ, ಚುನಾವಣಾ ಕರ್ತವ್ಯಗಳ ನಡುವೆ ಯಾವ ಉಪನ್ಯಾಸಕರಿಗೂ ಅದು ನೆನಪಿನಲ್ಲಿ ಉಳಿಯುವುದಿಲ್ಲ.

ಈ ಆಯುಷ್ಯವನ್ನು ಜಾರಿಗೆ ತರಲು ತಂತ್ರಾಂಶದಲ್ಲಿ ಎರಡು ದಾರಿಗಳಿವೆ, ಇವುಗಳ ವ್ಯತ್ಯಾಸ ತಿಳಿದರೆ ಮುಂದಿನ ಆಯ್ಕೆಗಳೆಲ್ಲ ಸುಲಭವಾಗುತ್ತವೆ. ಒಂದು, ಕಾಲೇಜಿನ ಜವಾನರು ಕೊನೆಯ ದಿನದ ಸಂಜೆ ಹೋಗಿ ಸೂಚನಾ ಫಲಕದಿಂದ ಕಾಗದವನ್ನು ಕಿತ್ತು ತರುವ ದಾರಿ: ನಿಗದಿತ ಗಳಿಗೆಯಲ್ಲಿ ಒಂದು ಕ್ರಿಯೆ ನಡೆದು ಪ್ರಕಟಣೆಯ ಸ್ಥಿತಿ ಬದಲಾಗಬೇಕು. ಆ ಗಳಿಗೆಯಲ್ಲಿ ಸರ್ವರ್ ನಿಂತಿದ್ದರೆ, ಕ್ರಾನ್ ಕೆಟ್ಟಿದ್ದರೆ, ಪ್ಲಗಿನ್ ನಿಷ್ಕ್ರಿಯವಾಗಿದ್ದರೆ ಕಾಗದ ಅಲ್ಲೇ ಉಳಿಯುತ್ತದೆ. ಇನ್ನೊಂದರಲ್ಲಿ ಯಾರೂ ಏನನ್ನೂ ಕೀಳಬೇಕಾಗಿಲ್ಲ. ಪ್ರಕಟಣೆಯ ಜೊತೆಗೇ ಅವಧಿಯನ್ನು ದಾಖಲಿಸಿಟ್ಟು, ಪುಟ ತಯಾರಾಗುವ ಪ್ರತಿ ಸಲವೂ ‘ಈ ಹೊತ್ತು ಆ ಅವಧಿಯೊಳಗೆ ಬರುತ್ತದೆಯೇ’ ಎಂದು ಹೋಲಿಸಿ, ಬಂದರೆ ಮಾತ್ರ ತೋರಿಸುವುದು. ಸರ್ವರ್ ಎರಡು ದಿನ ನಿಂತು ಎದ್ದರೂ ಎದ್ದ ಮೊದಲ ಕ್ಷಣದಲ್ಲೇ ಅದು ಸರಿಯಾದದ್ದನ್ನೇ ತೋರಿಸುತ್ತದೆ. ಜೂಮ್ಲಾ ಮಾಡುವುದು ಇದನ್ನೇ. ಸಾಧ್ಯವಿದ್ದಲ್ಲೆಲ್ಲ ಎರಡನೆಯ ದಾರಿಯನ್ನು ಹಿಡಿಯಿರಿ ಎಂಬುದು ನನ್ನ ದೃಢವಾದ ಸಲಹೆ.

ವರ್ಡ್‌ಪ್ರೆಸ್‌ನಲ್ಲಿ ಇದನ್ನು ಸಾಧಿಸಲು ಪ್ರಕಟಣೆಗೆ ‘ಕೊನೆಯ ದಿನಾಂಕ’ ಎಂಬ ಹೆಚ್ಚುವರಿ ಅಂಕಣವೊಂದನ್ನು ಸೇರಿಸಿ, ಮುಖಪುಟದ ಪಟ್ಟಿಯು ಆ ದಿನಾಂಕ ಮೀರದ ಪ್ರಕಟಣೆಗಳನ್ನು ಮಾತ್ರ ಆರಿಸುವಂತೆ ಥೀಮನ್ನು, ಅಂದರೆ ತಾಣದ ವಿನ್ಯಾಸದ ಕಡತಗಳನ್ನು, ತಿದ್ದಿಸಬೇಕು. ನಿಮ್ಮ ತಾಣವನ್ನು ಕಟ್ಟಿಕೊಟ್ಟವರಿಗೆ ಇದು ದೊಡ್ಡ ಕೆಲಸವಲ್ಲ. ಅವರ ನೆರವು ಸಿಗದಿದ್ದರೆ, ಮೊದಲು ಪೋಸ್ಟ್ ಎಕ್ಸ್‌ಪೈರೇಟರ್ ಎಂದು ಕರೆಯಲ್ಪಡುತ್ತಿದ್ದು ಈಗ ಪಬ್ಲಿಷ್‌ಪ್ರೆಸ್ ಫ್ಯೂಚರ್ ಎಂಬ ಹೆಸರಿನಲ್ಲಿರುವ ಪ್ಲಗಿನ್ ಬಳಸಬಹುದು. ಅದು ಮೊದಲನೆಯ ದಾರಿಯದು, ಆದ್ದರಿಂದ ಮೇಲೆ ಹೇಳಿದ ಸರ್ವರ್ ಕ್ರಾನ್ ಇರಲೇಬೇಕು. ಅವಧಿ ಮುಗಿದಾಗ ಬರಹವನ್ನು ಡ್ರಾಫ್ಟ್ (ಹೊರಗಿನವರಿಗೆ ಕಾಣದ ಕರಡು) ಮಾಡಬೇಕೋ, ಅಳಿಸಬೇಕೋ, ಅದರ ವರ್ಗವನ್ನು ಬದಲಿಸಬೇಕೋ ಎಂದು ಅದು ಕೇಳುತ್ತದೆ. ವರ್ಗ ಬದಲಿಸುವುದನ್ನೇ ಆರಿಸಿ, ‘ಪ್ರಚಲಿತ ಪ್ರಕಟಣೆ’ಯಿಂದ ‘ಮುಗಿದ ಪ್ರಕಟಣೆ’ಗೆ ಸಾಗಿಸಿ. ಏಕೆ ಅಳಿಸಬಾರದೆಂದು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ‘ಕೊನೆಯ ದಿನಾಂಕ’ ಎಂಬ ಪದದಲ್ಲೇ ಅಡಗಿರುವ ಒಂದು ಬಲೆಯನ್ನು ತೋರಿಸಬೇಕು. ಜೂನ್ 15 ಕೊನೆಯ ದಿನವೆಂದು ಹೇಳಿದಾಗ ನಮ್ಮ ಮನಸ್ಸಿನಲ್ಲಿರುವುದು 15 ಮುಗಿಯುವವರೆಗೆ ಎಂಬ ಅರ್ಥ. ಆದರೆ ಸಮಯ ಕೊಡದೆ ಬರೀ ದಿನಾಂಕ ಕೊಟ್ಟರೆ ಅನೇಕ ತಂತ್ರಾಂಶಗಳು ಅದನ್ನು 15ನೆಯ ತಾರೀಖು ಹುಟ್ಟುವ ಗಳಿಗೆ, ಅಂದರೆ 14ರ ರಾತ್ರಿ ಕಳೆದ ತಕ್ಷಣದ ಸೊನ್ನೆ ಗಂಟೆ ಎಂದು ಓದುತ್ತವೆ. ಪರಿಣಾಮವಾಗಿ ಕೊನೆಯ ದಿನ ಪೂರ್ತಿ ಪ್ರಕಟಣೆ ಕಾಣುವುದೇ ಇಲ್ಲ. ಹಲವು ವರ್ಷಗಳ ಹಿಂದೆ ನಾನು ಒಂದು ಸಂಸ್ಥೆಗೆ ಬರೆದುಕೊಟ್ಟ ವ್ಯವಸ್ಥೆಯಲ್ಲಿ ಇದೇ ತಪ್ಪು ನುಸುಳಿ, ಶಿಷ್ಯವೇತನದ ಅರ್ಜಿಯ ಕೊಂಡಿ ಒಂದು ದಿನ ಮೊದಲೇ ಮರೆಯಾಗಿತ್ತು. ಕೊನೆಯ ದಿನವೇ ಹೆಚ್ಚು ಜನ ಅರ್ಜಿ ಹಾಕುತ್ತಾರೆ ಎಂಬುದು ಆ ದಿನ ಬಂದ ಕರೆಗಳಿಂದ ನನಗೆ ಮನವರಿಕೆಯಾಯಿತು, ಸಂಸ್ಥೆಯವರು ಅವಧಿಯನ್ನು ವಿಸ್ತರಿಸಿದ್ದರಿಂದ ಯಾರಿಗೂ ಅನ್ಯಾಯವಾಗಲಿಲ್ಲ. ಅಂದಿನಿಂದ ನಾನು ಅನುಸರಿಸುವ ಕ್ರಮ ಇದು: ಒಳಗೆ ದಾಖಲಿಸುವುದು ‘16ರ ಸೊನ್ನೆ ಗಂಟೆಗೆ ಮೊದಲು’ ಎಂದು, ಓದುಗರಿಗೆ ಕಾಣಿಸುವುದು ‘15ರ ರಾತ್ರಿ 11.59ರವರೆಗೆ’ ಎಂದು. ಕಚೇರಿಯಲ್ಲಿ ಅರ್ಜಿಯನ್ನು ಕೈಯಾರೆ ಪಡೆಯುವುದಾದರೆ ‘15ರ ಸಂಜೆ 5 ಗಂಟೆಯವರೆಗೆ’ ಎಂದು ಹೊತ್ತನ್ನೂ ಸೇರಿಸಿ.

‘15ರ ರಾತ್ರಿ 12 ಗಂಟೆ’ ಎಂದು ಎಂದಿಗೂ ಬರೆಯಬೇಡಿ. ಅದು 15 ಹುಟ್ಟುವ ಹನ್ನೆರಡೋ, 15 ಮುಗಿಯುವ ಹನ್ನೆರಡೋ ಎಂದು ಇಬ್ಬರು ಎರಡು ರೀತಿ ಓದುತ್ತಾರೆ. ಪಂಚಾಂಗದ ಲೆಕ್ಕದಲ್ಲಿ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಒಂದು ದಿನ. ಹಳ್ಳಿಗಳಲ್ಲಿ ಇಂದಿಗೂ ರಾತ್ರಿ ಎರಡು ಗಂಟೆಯನ್ನು ಹಿಂದಿನ ದಿನದ ರಾತ್ರಿಯೆಂದೇ ಹೇಳುವ ರೂಢಿಯಿದೆ. ಅದು ತಪ್ಪಲ್ಲ, ಕಂಪ್ಯೂಟರಿನ ಲೆಕ್ಕ ಬೇರೆ, ಅಷ್ಟೇ. ಬರೆಯುವವರು ಎರಡೂ ಲೆಕ್ಕಗಳಿಗೆ ಒಂದೇ ಅರ್ಥ ಬರುವ ಮಾತನ್ನು ಆರಿಸಿಕೊಳ್ಳಬೇಕು.

ಕಾಲೇಜುಗಳಲ್ಲಿ ಕೊನೆಯ ದಿನಾಂಕ ಒಂದೇ ಇರುವುದೂ ಅಪರೂಪ. ದಂಡಶುಲ್ಕವಿಲ್ಲದೆ ಒಂದು ದಿನ, ದಂಡಶುಲ್ಕದೊಂದಿಗೆ ಇನ್ನೊಂದು ದಿನ, ಆಮೇಲೆ ವಿಶ್ವವಿದ್ಯಾಲಯದಿಂದ ಬರುವ ವಿಸ್ತರಣೆಯ ಸುತ್ತೋಲೆ. ಇಲ್ಲಿ ಬಹುತೇಕರು ಮಾಡುವುದು ‘ದಿನಾಂಕ ವಿಸ್ತರಣೆ’ ಎಂಬ ಹೊಸ ಪ್ರಕಟಣೆಯನ್ನು ಹಾಕುವುದು. ಆಗ ಹಳೆಯದರ ಕೊಂಡಿಯನ್ನು ಉಳಿಸಿಕೊಂಡವರಿಗೆ ಹಳೆಯ ದಿನಾಂಕವೇ ಕಾಣುತ್ತದೆ. ಅದರ ಬದಲು ಹಳೆಯ ಪುಟವನ್ನೇ ತೆರೆದು, ಕೊನೆಯ ದಿನಾಂಕವನ್ನು ಬದಲಿಸಿ, ಮೊದಲ ಸಾಲಿನಲ್ಲಿ ವಿಸ್ತರಣೆಯ ವಿಷಯ ತಿಳಿಸಿ. ಅವಧಿ ಮುಗಿದು ಪಟ್ಟಿಯಿಂದ ಇಳಿದಿದ್ದ ಪ್ರಕಟಣೆ ಎರಡನೆಯ ದಾರಿಯ ವ್ಯವಸ್ಥೆಯಲ್ಲಿ ತಾನಾಗಿ ಮತ್ತೆ ಮೇಲೇರುತ್ತದೆ. ಇದು ಸಾಧ್ಯವಾಗಬೇಕಾದರೆ ದಿನಾಂಕವು ಅಕ್ಷರವಾಗಿ ಒಂದೇ ಕಡೆ ಇರಬೇಕು. ಪ್ರವೇಶಾತಿಯ ವಿವರವನ್ನೆಲ್ಲ ಒಂದು ಬಣ್ಣದ ಪೋಸ್ಟರಿನ ಚಿತ್ರವಾಗಿ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಚಿತ್ರದೊಳಗಿನ ದಿನಾಂಕವನ್ನು ಶೆಡ್ಯೂಲ್ ಓದಲಾರದು, ದೃಷ್ಟಿದೋಷವುಳ್ಳ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಸಹ ಓದಲಾರದು. ಪೋಸ್ಟರ್ ಇರಲಿ, ಆದರೆ ದಿನಾಂಕಗಳು ಅದರ ಕೆಳಗೆ ಅಕ್ಷರಗಳಲ್ಲೂ ಇರಲಿ. ‘ಹೊಸತು’ ಎಂದು ಮಿನುಗುವ ಪುಟ್ಟ ಚಿಹ್ನೆಗೂ ಇದೇ ಮಾತು ಅನ್ವಯಿಸುತ್ತದೆ: ಅದನ್ನು ಕೈಯಿಂದ ಅಂಟಿಸಿದರೆ ವರ್ಷಗಟ್ಟಲೆ ಮಿನುಗುತ್ತಿರುತ್ತದೆ, ಪ್ರಕಟವಾದ ದಿನದಿಂದ ಏಳು ದಿನ ಮಾತ್ರ ಕಾಣುವಂತೆ ಥೀಮಿನಲ್ಲೇ ಬರೆಸಬೇಕು.

ಈಗ ಅಳಿಸುವ ಪ್ರಶ್ನೆ. ಅವಧಿ ಮುಗಿದ ಪ್ರಕಟಣೆ ಮುಖಪುಟದ ಪಟ್ಟಿಯಿಂದ ಇಳಿಯಬೇಕು, ಆದರೆ ಅದರ ಸ್ವಂತ ಪುಟ ಉಳಿಯಬೇಕು ಎಂಬುದು ನನ್ನ ಖಚಿತ ನಿಲುವು. ನಿಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮುಖಪುಟದಿಂದ ಬರುವವರಲ್ಲ. ಯಾರೋ ವಾಟ್ಸಾಪ್ ಗುಂಪಿಗೆ ಕಳಿಸಿದ ಕೊಂಡಿಯನ್ನು ಒತ್ತಿ ನೇರವಾಗಿ ಆ ಪುಟಕ್ಕೆ ಬರುವವರು, ಅದೂ ಕೆಲವೊಮ್ಮೆ ತಿಂಗಳ ನಂತರ. ಅವರಿಗೆ ‘ಪುಟ ಸಿಗಲಿಲ್ಲ’ ಎಂಬ 404ರ ಉತ್ತರ ಸಿಕ್ಕರೆ ಕಾಲೇಜಿನ ತಾಣ ಕೆಟ್ಟಿದೆ ಎಂದುಕೊಳ್ಳುತ್ತಾರೆಯೇ ಹೊರತು ಪ್ರವೇಶ ಮುಗಿದಿದೆ ಎಂದು ತಿಳಿಯುವುದಿಲ್ಲ. ಅದೇ ಪುಟದ ತಲೆಯಲ್ಲಿ ‘ಈ ಪ್ರವೇಶಾತಿಯ ಅವಧಿ ಜೂನ್ 15ಕ್ಕೆ ಮುಗಿದಿದೆ, ಮುಂದಿನ ಸಾಲಿನ ಪ್ರಕಟಣೆ ಈ ಕೆಳಗಿನ ಪುಟದಲ್ಲಿ ಬರುತ್ತದೆ’ ಎಂಬ ಸಾಲು ಕಂಡರೆ, ಅರ್ಜಿಯ ಗುಂಡಿ ಮರೆಯಾಗಿದ್ದರೆ, ಬಸ್ಸು ಹತ್ತುವ ಮೊದಲೇ ಅವರಿಗೆ ವಿಷಯ ತಿಳಿಯುತ್ತದೆ. ನೀವು ಕೇಳಿದ್ದು ತಾನಾಗಿ ಮರೆಯಾಗುವ ಏರ್ಪಾಡನ್ನು. ನಿಮ್ಮ ವಿದ್ಯಾರ್ಥಿಗಳಿಗೆ ಬೇಕಾಗಿರುವುದು ಮುಗಿದಿದೆ ಎಂದು ಬಾಯಿಬಿಟ್ಟು ಹೇಳುವ ಪುಟ.

ದಾಖಲೆಯ ದೃಷ್ಟಿಯಿಂದಲೂ ಇದು ಸರಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಾಂಕನಕ್ಕೆ ಕಾಲೇಜು ಸಲ್ಲಿಸುವ ಸ್ವ-ಅಧ್ಯಯನ ವರದಿಯಲ್ಲಿ ಜಾಲತಾಣದ ಪುಟಗಳ ಕೊಂಡಿಗಳನ್ನು ಆಧಾರವಾಗಿ ಕೊಡಬೇಕಾಗುತ್ತದೆ. ಹಳೆಯ ಪುಟಗಳನ್ನು ಅಳಿಸಿದ ಕಾಲೇಜುಗಳು ಆ ಹೊತ್ತಿಗೆ ಪರದಾಡುತ್ತವೆ. ಭಾರತ ಸರ್ಕಾರದ ಜಾಲತಾಣಗಳಿಗಾಗಿ 2009ರಲ್ಲಿ ಮೊದಲು ಹೊರಬಂದ ಮಾರ್ಗಸೂಚಿಗಳಲ್ಲಿ, ಅವಧಿ ಮೀರಿದ ವಿಷಯ ಓದುಗರ ಕಣ್ಣಮುಂದೆ ಇರಕೂಡದು, ಅದನ್ನು ಸಂಗ್ರಹಕ್ಕೆ ಸಾಗಿಸುವ ಲಿಖಿತ ನೀತಿಯೊಂದು ಪ್ರತಿ ತಾಣಕ್ಕೂ ಇರಬೇಕು ಎಂಬ ಅಪೇಕ್ಷೆಯಿದೆ. ಖಾಸಗಿ ಅಥವಾ ಅನುದಾನಿತ ಕಾಲೇಜಿಗೆ ಅದು ನೇರವಾಗಿ ಅನ್ವಯಿಸದಿದ್ದರೂ ಅನುಸರಿಸಲು ಯೋಗ್ಯವಾದದ್ದು.

ಇದಕ್ಕೊಂದು ಅಪವಾದವಿದೆ: ವೈಯಕ್ತಿಕ ಮಾಹಿತಿ. ವಿದ್ಯಾರ್ಥಿಗಳ ಹೆಸರು, ಅಂಕ, ಪ್ರವರ್ಗ, ಕೆಲವೊಮ್ಮೆ ಮೊಬೈಲ್ ಸಂಖ್ಯೆಯೂ ಇರುವ ಮೆರಿಟ್ ಪಟ್ಟಿ ಪ್ರವೇಶ ಮುಗಿದ ಮೇಲೆ ಸಾರ್ವಜನಿಕವಾಗಿ ಇರಬೇಕಾದ ಕಾರಣವೇ ಇಲ್ಲ. ಅದನ್ನು ಪಟ್ಟಿಯಿಂದ ಇಳಿಸಿದರೆ ಸಾಲದು, ನಿಜವಾಗಿಯೂ ತೆಗೆಯಬೇಕು. ಬರಹವನ್ನು ಡ್ರಾಫ್ಟ್ ಮಾಡಿದ ಮಾತ್ರಕ್ಕೆ ಅದರೊಳಗಿನ ಪಿಡಿಎಫ್ ಅಳಿಯುವುದಿಲ್ಲವಾದ್ದರಿಂದ ಮೀಡಿಯಾ ಸಂಗ್ರಹಕ್ಕೆ ಹೋಗಿ ಕಡತವನ್ನೇ ಅಳಿಸಬೇಕು. ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿರುವಾಗ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ಹುಡುಕಾಟದ ಫಲಿತಾಂಶಗಳಲ್ಲಿ ಅದು ಉಳಿದಿದ್ದರೆ ಗೂಗಲ್ ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಸಾಧನದಿಂದ ತಕ್ಷಣ ಮರೆಮಾಡಿಸಬಹುದು. ಆ ಮರೆ ಸುಮಾರು ಆರು ತಿಂಗಳದ್ದು ಮಾತ್ರ, ಅಷ್ಟರೊಳಗೆ ಮೂಲ ಕಡತ ಹೋಗಿರಬೇಕು. ಇಂಥ ದಿನದ ನಂತರ ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ ಎಂದು ಮೊದಲೇ ಹೇಳಿಡುವ ಮೆಟಾ ಟ್ಯಾಗನ್ನೂ ಗೂಗಲ್ 2007ರಿಂದ ಮಾನ್ಯ ಮಾಡುತ್ತಿದೆ.

ಇಷ್ಟೆಲ್ಲ ಸರಿಯಾದರೂ ಹಳೆಯ ಮುಖಪುಟವೇ ಕಾಣುತ್ತಿದೆಯೆಂದರೆ ಅದು ಕ್ಯಾಶ್‌ನಿಂದ. ತಯಾರಿಸಿಟ್ಟ ಪುಟ ಹತ್ತು ಗಂಟೆ ಉಳಿಯುವಂತೆ ಹೊಂದಿಸಿದ್ದರೆ, ಒಳಗಿನ ಹೋಲಿಕೆ ಎಷ್ಟೇ ನಿಖರವಾಗಿದ್ದರೂ ಓದುಗರಿಗೆ ಹತ್ತು ಗಂಟೆ ಹಳೆಯ ಚಿತ್ರವೇ ಸಿಗಬಹುದು. ಒಳಪುಟಗಳಿಗೆ ದೀರ್ಘ ಅವಧಿ ಇರಲಿ; ಮುಖಪುಟಕ್ಕೂ ಪ್ರಕಟಣೆಗಳ ಪಟ್ಟಿಗೂ ಐದು ನಿಮಿಷದ ಅವಧಿಯನ್ನು ಕೊಡಿ. ಪುಟಗಳ ಪ್ರತಿಗಳನ್ನು ತನ್ನಲ್ಲಿಟ್ಟು ಹಂಚುವ ಕ್ಲೌಡ್‌ಫ್ಲೇರ್‌ನಂಥ ಸೇವೆಯನ್ನು ಬಳಸುತ್ತಿದ್ದರೆ ಅಲ್ಲಿಯೂ ಇದನ್ನು ಹೊಂದಿಸಬೇಕು. ಕೆಲವರು ಓದುಗರ ಬ್ರೌಸರಿನಲ್ಲೇ ಜಾವಾಸ್ಕ್ರಿಪ್ಟ್‌ನಿಂದ ದಿನಾಂಕ ನೋಡಿ ಮರೆಮಾಡುತ್ತಾರೆ. ಹಬ್ಬದ ಶುಭಾಶಯದ ಬ್ಯಾನರಿಗೆ ಅದು ಸಾಕು, ಪ್ರವೇಶಾತಿಗೆ ಸಾಲದು: ಓದುಗರ ಫೋನಿನ ಗಡಿಯಾರ ತಪ್ಪಿದ್ದರೆ ಲೆಕ್ಕ ತಪ್ಪುತ್ತದೆ, ಮರೆಮಾಡಿದ ಅಕ್ಷರಗಳು ಪುಟದ ಮೂಲದಲ್ಲಿ ಉಳಿದೇ ಇರುತ್ತವೆ, ಮೇಲಾಗಿ ವರ್ಷ-ತಿಂಗಳು-ದಿನ ರೂಪದಲ್ಲಿ ಬರೀ ದಿನಾಂಕ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ ಎಂದೇ ಓದುವುದರಿಂದ ನಮ್ಮಲ್ಲಿ ಬದಲಾವಣೆ ಬೆಳಿಗ್ಗೆ ಐದೂವರೆಗೆ ಆಗುತ್ತದೆ.

ಎಲ್ಲ ಪುಟಗಳನ್ನೂ ಮೊದಲೇ ತಯಾರಿಸಿಡುವ ಹ್ಯೂಗೋದಂಥ ಸ್ಥಿರ ಪುಟಗಳ ಸಾಧನ ಬಳಸುವವರಿಗೆ ಒಂದೇ ಮಾತು. ಅದರಲ್ಲಿ ಪ್ರಕಟಣೆಯ ದಿನಾಂಕ, ಮುಕ್ತಾಯದ ದಿನಾಂಕ ಎರಡೂ ಇವೆ, ಆದರೆ ತಾಣವನ್ನು ಮರುನಿರ್ಮಿಸಿದಾಗ ಮಾತ್ರ ಅವು ಪರಿಗಣನೆಗೆ ಬರುತ್ತವೆ. ಗಿಟ್‌ಹಬ್ ಆಕ್ಷನ್ಸ್ ಎಂಬ ಸ್ವಯಂಚಾಲಿತ ಸೇವೆಯಿಂದ ದಿನಾ ಮಧ್ಯರಾತ್ರಿ ಮರುನಿರ್ಮಿಸಲು ಯುಟಿಸಿ ಲೆಕ್ಕದಲ್ಲಿ ಹಿಂದಿನ ದಿನದ 18.30 ಎಂದು ಕೊಡಬೇಕು, ಅದೂ ಕೆಲವೊಮ್ಮೆ ತಡವಾಗುತ್ತದೆ ಎಂದು ತಿಳಿದಿರಬೇಕು.

ಇನ್ನು ನಿಮ್ಮ ಮೆರಿಟ್ ಪಟ್ಟಿ. ಬರಹವನ್ನು ನೀವು ನಾಳೆಗೆ ಶೆಡ್ಯೂಲ್ ಮಾಡಿದರೂ ಅದಕ್ಕೆ ಸೇರಿಸಿದ ಪಿಡಿಎಫ್, ಅಪ್‌ಲೋಡ್ ಆದ ಕ್ಷಣದಿಂದಲೇ ಸಾರ್ವಜನಿಕ. ವರ್ಡ್‌ಪ್ರೆಸ್ ಅದನ್ನು ವರ್ಷ, ತಿಂಗಳುಗಳ ಹೆಸರಿನ ಫೋಲ್ಡರಿನಲ್ಲಿ, ನೀವು ಕೊಟ್ಟ ಹೆಸರಿನಲ್ಲೇ ಇಡುತ್ತದೆ. ಮೊದಲ ಪಟ್ಟಿಯ ಹೆಸರಿನ ಕೊನೆಯಲ್ಲಿ 1 ಎಂದಿದ್ದರೆ, ಕುತೂಹಲಿ ವಿದ್ಯಾರ್ಥಿಯೊಬ್ಬ ಅದನ್ನು 2 ಎಂದು ಬದಲಿಸಿ ನೋಡಲು ಹೆಚ್ಚು ಜಾಣತನ ಬೇಕಿಲ್ಲ. ಇದನ್ನು ಸಣ್ಣ ಸಂಸ್ಥೆಗಳಿಗಷ್ಟೇ ಆಗುವ ತಪ್ಪೆಂದು ತಿಳಿಯಬೇಡಿ. 2025ರ ನವೆಂಬರ್ 26ರಂದು ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್ ಬಜೆಟ್ ಭಾಷಣಕ್ಕೆ ಎದ್ದು ನಿಲ್ಲುವ ಮೊದಲೇ, ಆ ಬಜೆಟ್ಟಿನ ವಿವರಗಳಿದ್ದ ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿಯ (ಸರ್ಕಾರದ ಹಣಕಾಸಿನ ಅಂದಾಜು ಮಾಡುವ ಅಲ್ಲಿನ ಸ್ವತಂತ್ರ ಸಂಸ್ಥೆ) ಮುನ್ನೋಟ ವರದಿ ಪತ್ರಕರ್ತರ ಕೈಸೇರಿತ್ತು. ಅವರ ತಾಣವೂ ವರ್ಡ್‌ಪ್ರೆಸ್‌ನದೇ. ಹೊತ್ತಿಗೆ ಸರಿಯಾಗಿ ಪ್ರಕಟಿಸಲೆಂದು ಮೊದಲೇ ಏರಿಸಿಟ್ಟ ಕಡತದ ವಿಳಾಸವನ್ನು ಹಿಂದಿನ ವರದಿಯ ವಿಳಾಸದಿಂದ ಊಹಿಸಬಹುದಾಗಿತ್ತು. ಸಂಸ್ಥೆಯ ಮುಖ್ಯಸ್ಥ ರಿಚರ್ಡ್ ಹ್ಯೂಸ್ ಡಿಸೆಂಬರ್ 1ರಂದು ರಾಜೀನಾಮೆ ಕೊಟ್ಟರು. ಶೆಡ್ಯೂಲ್ ಮಾಡುವುದು ಕಾಣಿಸುವ ಹೊತ್ತನ್ನು ಗೊತ್ತುಪಡಿಸುತ್ತದೆ, ಬಾಗಿಲಿಗೆ ಬೀಗ ಹಾಕುವುದಿಲ್ಲ.

ಗುಟ್ಟಾಗಿರಬೇಕಾದ ಕಡತವನ್ನು ಪ್ರಕಟಿಸುವ ಹೊತ್ತಿನವರೆಗೆ ತಾಣಕ್ಕೆ ಏರಿಸಲೇಬೇಡಿ. ಆ ಒಂದು ಪ್ರಕಟಣೆಯನ್ನು ಕೈಯಾರೆ ಮಾಡುವುದೇ ಕ್ಷೇಮ. ಮೊದಲೇ ಏರಿಸಲೇಬೇಕಾದ ಸಂದರ್ಭವಿದ್ದರೆ ಕಡತದ ಹೆಸರಿಗೆ ಊಹಿಸಲಾಗದ ಹತ್ತಿಪ್ಪತ್ತು ಅಕ್ಷರಗಳನ್ನು ಸೇರಿಸಿ, ಸಾಧ್ಯವಾದರೆ ಅಪ್‌ಲೋಡ್ ಫೋಲ್ಡರಿನ ಪಟ್ಟಿ ಹೊರಗಿನವರಿಗೆ ಕಾಣದಂತೆ ಸರ್ವರಿನಲ್ಲಿ ತಡೆಯಿರಿ. ಮೊದಲ ಕ್ರಮದ ಮುಂದೆ ಇವೆರಡೂ ದುರ್ಬಲ ರಕ್ಷಣೆಗಳೇ.

ಮುಂದಿನ ಪ್ರವೇಶಾತಿಗೆ ಮೊದಲು, ತಾಣದಲ್ಲಿ ಗದ್ದಲವಿಲ್ಲದ ಒಂದು ದಿನ ಹೀಗೆ ಪರೀಕ್ಷಿಸಿ. ‘ಪರೀಕ್ಷಾರ್ಥ ಪ್ರಕಟಣೆ’ ಎಂಬ ಹೆಸರಿನ ಬರಹವೊಂದನ್ನು ಹತ್ತು ನಿಮಿಷದ ನಂತರ ಕಾಣಿಸಿ, ಇಪ್ಪತ್ತೈದು ನಿಮಿಷದ ನಂತರ ಪಟ್ಟಿಯಿಂದ ಇಳಿಯುವಂತೆ ಹೊಂದಿಸಿ. ಫಲಿತಾಂಶವನ್ನು ನೀವು ಲಾಗಿನ್ ಆಗಿರುವ ಕಂಪ್ಯೂಟರಿನಲ್ಲಿ ನೋಡಬೇಡಿ, ಏಕೆಂದರೆ ಲಾಗಿನ್ ಆದವರಿಗೆ ಸಾಮಾನ್ಯವಾಗಿ ಕ್ಯಾಶ್ ಇಲ್ಲದ ತಾಜಾ ಪುಟವೇ ಸಿಗುತ್ತದೆ. ಕಾಲೇಜಿನ ವೈಫೈಯಿಂದ ಹೊರಗೆ, ಮೊಬೈಲ್ ಡೇಟಾದಲ್ಲಿ, ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ನೋಡಿ: ಹತ್ತನೆಯ ನಿಮಿಷದ ಆಸುಪಾಸಿನಲ್ಲಿ ಪಟ್ಟಿಯಲ್ಲಿ ಕಾಣಿಸಬೇಕು, ಇಪ್ಪತ್ತೈದರಿಂದ ಮೂವತ್ತೈದರೊಳಗೆ ಇಳಿಯಬೇಕು, ಅದರ ನೇರ ಕೊಂಡಿಯನ್ನು ಒತ್ತಿದರೆ ಅವಧಿ ಮುಗಿದಿದೆ ಎಂಬ ಸಾಲು ಬರಬೇಕು. ಬಾರದಿದ್ದರೆ ಮೊದಲು ಕ್ಯಾಶ್, ಆಮೇಲೆ ಕ್ರಾನ್, ಕೊನೆಗೆ ಟೈಮ್‌ಝೋನ್ ಎಂಬ ಅನುಕ್ರಮದಲ್ಲಿ ನೋಡುತ್ತ ಬನ್ನಿ. ತಡ ಐದೂವರೆ ಗಂಟೆಯದಾಗಿದ್ದರೆ ಮಾತ್ರ ಟೈಮ್‌ಝೋನಿನಿಂದಲೇ ಆರಂಭಿಸಿ.